ಅವ್ವನ ಪಥ್ಯ

ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಮೆಣಸಿನಕಾಯಿ ಘಾಟು ಹತ್ತುವುದಿಲ್ಲ. ಹೊರಗಿನವರು ಬಸ್ಸಿನಿಂದ ಇಳಿಯುತ್ತಲೇ ಮೂಗಿಗೆ ಕರ್ಚೀಫು ಒತ್ತಿಕೊಂಡು ಕೆಮ್ಮುತ್ತಾರೆ. ನಾವು ನಿಂತು ನಗುತ್ತೇವೆ. ಆದರೆ ಇದರಿಂದ ನಮ್ಮ ಮನೆಯಲ್ಲೊಂದು ತೊಂದರೆಯಿತ್ತು. ನನಗೆ ದೃಷ್ಟಿಯಾಗಿದೆಯೋ ಇಲ್ಲವೋ ನೋಡಲು ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟಿಗೆ ಕೆಮ್ಮು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿಯಾಗಿದೆ ಎಂದು ನಂಬಿಕೆ. ವರ್ಷವೆಲ್ಲ ವ್ಯಾಪಾರಿಗಳ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಅವ್ವನಿಗೂ, ಆ ಧೂಳಿನಲ್ಲೇ ಬೆಳೆದ ನನಗೂ ಕೆಮ್ಮು ಎಲ್ಲಿಂದ ಬರಬೇಕು? ಹೀಗಾಗಿ ಪ್ರತಿ ಸಲವೂ ನನಗೆ ದೃಷ್ಟಿಯಾಗಿಯೇ ಇರುತ್ತಿತ್ತು.

"ನೋಡು, ಒಂದರೆ ಕೆಮ್ಮು ಬಂತೇನು? ಯಾರದೋ ನೆದರು ಬಿದ್ದೈತಿ ನನ್ನ ಮಗಳ ಮ್ಯಾಲೆ."

ಆ ವರ್ಷ ಅವ್ವ ವಾರವಾರವೂ ನಿವಾಳಿಸುವಷ್ಟು ನಾನು ಸೊರಗಿದ್ದೆ. ಕಾರಣ ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ.

ಮೊಬೈಲು ಇನ್ನೂ ಸಾಹುಕಾರರ ಅಂಗಿಯ ಜೇಬಿನಲ್ಲಿ ಮಾತ್ರ ಇದ್ದ ಕಾಲ ಅದು. ನಾನು ದಿನಾ ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಹೋಗಿ ಬಂದು ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಒದ್ದೆ ಕಾಗದದಲ್ಲಿ ಬೀಜ ಸುತ್ತಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ, ಹೇಗೆ ಮೊಳೆತಿವೆ ಎಂದು ನೋಡಿ ಬೇರೆಬೇರೆ ಮಾಡುವ ಕೆಲಸ. ನನ್ನ ಎದುರಿಗೆ ಕೂತು ಅದನ್ನೇ ಮಾಡುತ್ತಿದ್ದವಳು ಐರಣಿ ಕಡೆಯ ಹುಡುಗಿ. ಸೊಟ್ಟ ಮೊಳಕೆ ಕಂಡರೆ ತೆಗೆದು ಆಚೆ ಇಡಬೇಕು. ಆಕೆ ಮಾತ್ರ ಅದನ್ನು ಕದ್ದು ಒಳ್ಳೆಯ ಸಾಲಿಗೆ ಸೇರಿಸಿಬಿಡುವಳು.

"ಇರ್ಲಿ ಬಿಡವಾ. ಹೊಲಕ್ಕ ಹೋದಮ್ಯಾಲೆ ತಾನ ನೆಟ್ಟಗಾಕ್ಕೈತಿ."

ನಾನು ಬಯ್ಯುತ್ತಾ ಅದನ್ನು ವಾಪಸು ತೆಗೆಯುತ್ತಿದ್ದೆ. ಬಯ್ಯುವ ನೆಪದಲ್ಲಿ ಆಕೆಯ ಕೈ ಮುಟ್ಟುತ್ತಿದ್ದೆ. ಆಕೆಗೂ ಅದು ಗೊತ್ತಿತ್ತು. ಗೊತ್ತಿದ್ದೇ ಇನ್ನೊಂದು ಸೊಟ್ಟ ಮೊಳಕೆ ಇಡುತ್ತಿದ್ದಳು. ಒಂದು ಭಾನುವಾರ ಐರಣಿಯಲ್ಲಿ ಹೊಳೆ ದಂಡೆಯ ಮೇಲೆ ಕೂತಾಗ ನನ್ನ ತೊಡೆಯ ಮೇಲೆ ತಲೆಯಿಟ್ಟು "ನಾವಿಬ್ರೂ ಹಿಂಗ ಇದ್ದುಬಿಡೂಣು" ಎಂದಳು. ನಾನು ಹೂಂ ಎಂದೆ. ಹಾಗೆ ಇದ್ದುಬಿಡಲು ಏನು ಮಾಡಬೇಕೆಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಆಕೆಯ ಮನೆಯವರಿಗೆ ಏನು ಮಾಡಬೇಕೆಂದು ಚೆನ್ನಾಗಿ ತಿಳಿದಿತ್ತು. ಗಳಗನಾಥದ ಆಚೆಯ ಊರಿನಲ್ಲಿ ಗಂಡು ಗೊತ್ತಾಯಿತು. ಆಕೆ ಅತ್ತಳು, ನಾನೂ ಅತ್ತೆ, ಲಗ್ನವೂ ಆಯಿತು. ಲಗ್ನದ ಹಿಂದಿನ ದಿನ, ನಾನು ಆಪ್ತ ಗೆಳತಿಯೆಂದು, ಆಕೆಯ ಎರಡೂ ಕೈಗೆ ನನ್ನಿಂದಲೇ ಮೆಹಂದಿ ಹಚ್ಚಿಸಿದರು. ಬಳ್ಳಿ ಎಲೆಗಳ ನಡುವೆ ಗಂಡನ ಹೆಸರಿನ ಮೊದಲ ಅಕ್ಷರವನ್ನೂ ನಾನೇ ಬರೆದೆ. ಸುತ್ತ ಕೂತ ಹೆಂಗಸರು "ಎಷ್ಟ ಚಂದ ಕೈ ಓಡತೈತಿ ಈಕಿದು" ಎಂದು ಹೊಗಳಿದರು.

ಗಂಡ ಸತ್ತವಳು ಅಳುತ್ತಾ ಕೂತರೆ ಊರು ಬಂದು ಬಾಜೂಕ ಕೂರುತ್ತದೆ. ನನಗೆ ಬಂದ ಮಾತೆಂದರೆ "ಗೆಳತಿ ಲಗ್ನ ಆಗಿ ಹೋದ್ರ ಯಾರರೆ ಹಿಂಗ ಕುಂದರ್ತಾರೇನು? ನಾಳೆ ನೀನೂ ಹೋಗಾಕಿನ ಅಲ್ಲ!" ಅನ್ನ ಗಂಟಲಲ್ಲಿ ಇಳಿಯದಾಯಿತು, ನಿದ್ದೆ ಹಾರಿತು, ಬೆಳಿಗ್ಗೆ ಏಳಲು ಒಂದು ಕಾರಣ ಹುಡುಕಬೇಕಾಗುತ್ತಿತ್ತು. ಕೆಲವು ಬೆಳಿಗ್ಗೆ ಅದು ಸಿಗುತ್ತಲೂ ಇರಲಿಲ್ಲ.

ಅಪ್ಪ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ನಾವಿಬ್ಬರೇ. ಉಪ್ಪು ಮೆಣಸಿನಕಾಯಿಯಿಂದ ಏನೂ ಆಗದಿದ್ದಾಗ ಅವ್ವ ನನ್ನನ್ನು ಹಾವೇರಿಗೆ, ತಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಯಾರಾದರೂ ಸ್ವಲ್ಪ ಬೇರೆ ರೀತಿ ಮಾತಾಡಿದರೆ ಸಾಕು, "ಇವನ್ನ ಧಾರವಾಡಕ್ಕ ಕಳಸ್ರೆಪಾ" ಎಂದು ಅಲ್ಲಿಯ ಹುಚ್ಚಾಸ್ಪತ್ರೆಯ ಹೆಸರಲ್ಲಿ ನಗುವ ಜನ ನಾವು. ಅದಕ್ಕೇ ಅವ್ವ ಓಣಿಗೆಲ್ಲ "ಹೊಟ್ಟಿ ಡಾಕ್ಟರ್ ಕಡೆ ಹೊಂಟೇವ್ರಿ" ಎಂದು ಹೇಳಿಯೇ ಬಸ್ಸು ಹತ್ತಿದ್ದಳು.

ಡಾಕ್ಟರು ಅವ್ವನನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಮಾತಾಡಿಸಿದರು. ನಾನು ಹುಚ್ಚಿ, ನಂಬಿದೆ. "ಆಕಿ ನನಗ ಬರೇ ಗೆಳತಿ ಅಲ್ರಿ" ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾ ನಕ್ಕರು.

"ವಯಸ್ಸಿನಾಗ ಹಿಂಗೆಲ್ಲಾ ಆಕ್ಕೈತಿ ತಂಗಿ. ಲಗ್ನ ಆಗ್ಲಿ, ಒಂದು ಕೂಸಾಗ್ಲಿ, ಇದನ್ನ ನೆನಸ್ಕೊಂಡು ನಿನಗ ನಗು ಬರ್ತೈತಿ."

ಅವ್ವನನ್ನು ಒಳಗೆ ಕರೆದು, ಮಾತ್ರೆ ಬರೆದುಕೊಟ್ಟು, ಲಗೂನ ಲಗ್ನ ಮಾಡಿರೆಂದು ಹೇಳಿದರು. ಅವ್ವ ಎದ್ದವಳು ಮತ್ತೆ ಕೂತಳು.

"ಪಥ್ಯ ಏನ್ರಿ?"

ಪಥ್ಯವಿಲ್ಲದ ಔಷಧವನ್ನು ಅವ್ವ ಔಷಧವೆಂದು ಒಪ್ಪುವವಳಲ್ಲ. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ಬಾಗಿಲ ಕಡೆ ನೋಡುತ್ತಾ "ಖಾರ ಬಿಡ್ರಿ" ಎಂದರು.

"ನಮ್ದು ಬ್ಯಾಡಗಿರಿ. ನಮ್ಮ ಕಾಯಿ ಖಾರನ ಇರೂದಿಲ್ರಿ, ಬರೇ ಬಣ್ಣ."

"ಅದನ್ನೂ ಬಿಡ್ರಿ."

ಬಿಟ್ಟೆವು. ನಾನೊಬ್ಬಳೇ ಅಲ್ಲ, ಅವ್ವನೂ ಬಿಟ್ಟಳು. ಖಾರದಪುಡಿಯ ಡಬ್ಬಿ, ಕೆಂಪು ಮೆಣಸಿನಕಾಯಿ ಚಟ್ನಿ ರಂಜಕದ ಭರಣಿ ಎರಡೂ ಅಟ್ಟ ಸೇರಿದವು. ನಿನಗ್ಯಾಕ ಈ ಶಿಕ್ಷೆ ಎಂದು ನಾನು ಸಿಡುಕಿದರೆ ಅವ್ವನ ಹತ್ತಿರ ಉತ್ತರ ತಯಾರಿತ್ತು.

"ನೀ ಮೊಲಿ ಕುಡಿಯೂ ಕೂಸಿದ್ದಾಗ ನಿನಗ ಜ್ವರ ಬಂದ್ರ ಪಥ್ಯ ಯಾರು ಹಿಡೀತಿದ್ರು? ನಾ ಹಿಡೀತಿದ್ದೆ. ತಾಯಿ ಉಂಡದ್ದು ಕೂಸಿಗೆ ಹತ್ತತೈತಿ."

"ನಾ ಈಗ ಕೂಸಲ್ಲಬೇ."

"ನನಗ ಕೂಸ. ಸುಮ್ನ ಉಣ್ಣು."

ದಿನವೆಲ್ಲ ಮೆಣಸಿನಕಾಯಿ ರಾಶಿಯ ಮುಂದೆ ಕೂತು ಬಂದವಳು ಮನೆಗೆ ಬಂದು ರೊಟ್ಟಿಗೆ ಮೊಸರು, ಸಪ್ಪನೆಯ ಬೇಳೆ ಹಚ್ಚಿಕೊಂಡು ಉಣ್ಣುತ್ತಿದ್ದಳು. ಮುಖ ಕಿವುಚುತ್ತಿದ್ದಳು, ಆದರೆ ಒಂದು ಚಿಟಿಕೆ ಖಾರ ಮುಟ್ಟಲಿಲ್ಲ. ಆ ಮುಖ ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

ಲಗ್ನ ಮಾಡಿರೆಂಬ ಡಾಕ್ಟರ ಮಾತು ಹಾವೇರಿಯಲ್ಲೇ ಇದ್ದ ನನ್ನ ಸೋದರತ್ತೆಯ ಕಿವಿಗೂ ಬಿತ್ತು. ಆಕೆ ಬಾಳೆಹಣ್ಣಿನ ಗೊನೆ ಹಿಡಿದುಕೊಂಡೇ ಬಂದಳು. "ಡಾಕ್ಟರ ಹೇಳಿದಮ್ಯಾಲೆ ಇನ್ನೇನೈತಿ ವೈನಿ? ಔಷಧ ನಮ್ಮ ಮನ್ಯಾಗ ಐತಲ್ಲ, ನನ್ನ ಮಗ! ದೀಪಾವಳಿ ಮುಗದಕೂಡ್ಲೆ ಮಾಡಿಬಿಡೂಣು." ಅತ್ತೆಯ ಮಗನಿಗೆ ನನ್ನ ಮೇಲೆ ಹಕ್ಕಿದೆಯೆಂದು ನಮ್ಮ ಕುಲದಲ್ಲಿ ಎಲ್ಲರೂ ತಿಳಿದದ್ದೇ. ಹುಡುಗ ಒಳ್ಳೆಯವನು. ಸಣ್ಣವರಿದ್ದಾಗ ಇಬ್ಬರೂ ಕೂಡಿ ಗೋಲಿ ಆಡಿದ್ದೆವು. ಅವನನ್ನು ಔಷಧವೆಂದು ಕುಡಿಯುವುದು ನನಗೆ ಬೇಡವಾಗಿತ್ತು, ಪಾಪ, ಅವನ ಬದುಕೂ ಹಾಳು. ಬೇಡವೆಂದರೆ ಕಾರಣ ಹೇಳಬೇಕಿತ್ತು. ಹಬ್ಬಕ್ಕೆ ಇದ್ದದ್ದು ಮೂರೇ ತಿಂಗಳು.

ಅಷ್ಟರಲ್ಲಿ ಕಂಪನಿಗೆ ಸರ್ಕಾರಿ ಆಸ್ಪತ್ರೆಯಿಂದ ಒಬ್ಬರು ಬಂದರು. ಏಡ್ಸ್ ಬಗ್ಗೆ ತಿಳಿವಳಿಕೆ ಹೇಳುವ ಕಾರ್ಯಕ್ರಮ. "ಆಪ್ತ ಸಮಾಲೋಚಕರು" ಎಂದು ಮ್ಯಾನೇಜರು ಪರಿಚಯಿಸಿದಾಗ ಯಾರೋ ಕೋರ್ಟಿನವರೆಂದುಕೊಂಡೆವು. ನೋಡಿದರೆ ಕಾಟನ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಕನ್ನಡಕ. ಶಾಲೆಯ ಅಕ್ಕಾರಿದ್ದಂತೆ ಇದ್ದರು. ನಮ್ಮ ಕಡೆ ಟೀಚರಮ್ಮಂದಿರನ್ನು ಅಕ್ಕಾರು ಅನ್ನುತ್ತೇವೆ, ನಾನು ಕೊನೆಯವರೆಗೂ ಹಾಗೆಯೇ ಕರೆದೆ. ಅವರು ಗಂಡು ಹೆಣ್ಣಿನ ವಿಷಯವನ್ನೆಲ್ಲ ಜೋಳದ ಬೆಳೆಯ ಸುದ್ದಿ ಹೇಳಿದಂತೆ ಹೇಳುತ್ತಾ ಹೋದರು. "ಗಂಡಸರ ಕೂಡ ಸಂಬಂಧ ಇಟ್ಟುಕೊಂಡಿರೂ ಗಂಡಸರೂ ಇರ್ತಾರ. ನನ್ನ ಕಡೆ ಭಾಳ ಮಂದಿ ಬರ್ತಾರ. ನಿಮ್ಮ ಹಂಗ, ನನ್ನ ಹಂಗ ಅವರೂ ಮನಷ್ಯಾರ." ನಮ್ಮವರೆಲ್ಲ ಬಾಯಿಗೆ ಸೆರಗು ತುರುಕಿಕೊಂಡು ಕಿಸಕ್ಕೆಂದರು. ಹಿಂದಿನಿಂದ ಒಬ್ಬಳು ತಮಾಷೆಗೆ ಕೇಳಿದಳು:

"ಹೆಣ್ಣಮಕ್ಕಳೂ ಹಂಗ ಇರ್ತಾರೇನ್ರೀ ಅಕ್ಕಾರ?"

"ಇರ್ತಾರ. ಯಾಕಿರಬಾರದು?" ಎಂದವರು ಮುಂದಿನ ವಿಷಯಕ್ಕೆ ಹೋದರು.

ನನ್ನ ಕೈಯಲ್ಲಿದ್ದ ಒದ್ದೆ ಕಾಗದ ಹರಿದುಹೋಯಿತು. ಅಬ್ಬಾ, ಅಷ್ಟು ಸಣ್ಣ ಮಾತಿಗೆ ಅಷ್ಟು ಬಲವಿರುತ್ತದೆಯೇ! ಮ್ಯಾನೇಜರು ಕೊನೆಗೆ, ಅಕ್ಕಾರು ಶನಿವಾರ ಮಧ್ಯಾಹ್ನ ಪೇಟೆಯ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕೂರುತ್ತಾರೆ, ಮನಸ್ಸಿಗೆ ಬೇಸರವಿದ್ದವರು ಹೋಗಬಹುದು ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇಲ್ಲದಿದ್ದರೆ ಸಿಕ್ಕಿಬೀಳುತ್ತಿದ್ದೆ.

ಮೊದಲ ಶನಿವಾರ ಯಾರಾದರೂ ಕಂಡರೆ ನೆಪಕ್ಕಿರಲೆಂದು ಮನೆಯಿಂದ ಜೋಳದ ಚೀಲ ಒಯ್ದೆ. ಗಿರಣಿಯ ಬಾಗಿಲಲ್ಲಿ ನಿಂತೆ, ಜೋಳ ಬೀಸಿಸಿಕೊಂಡೆ, ಮೆಟ್ಟಿಲು ನೋಡಿದೆ, ಹಿಟ್ಟು ಹೊತ್ತುಕೊಂಡು ಮನೆಗೆ ಬಂದೆ. "ಬ್ಯಾಡಗ್ಯಾಗ ಗಿರಣಿ ಸುಟ್ಟು ಹೋಗ್ಯಾವೇನು?" ಎಂದಳು ಅವ್ವ. ಮುಂದಿನ ಶನಿವಾರ ಬರಿಗೈಯಲ್ಲಿ ಹೋದೆ, ನೇರ ಮೆಟ್ಟಿಲು ಹತ್ತಿದೆ.

ಗಿರಣಿ ಶುರುವಾದರೆ ಮೇಲಿನ ಕೋಣೆಯ ನೆಲವೇ ನಡುಗುತ್ತಿತ್ತು. ಟೇಬಲ್ಲಿನ ಮೇಲಿನ ನೀರಿನ ಲೋಟ ಮೆಲ್ಲಗೆ ಅಂಚಿನ ಕಡೆ ಸರಿಯುವುದು, ಅಕ್ಕಾರು ಮಾತಿನ ನಡುವೆ ಅದನ್ನು ಹಿಂದಕ್ಕೆ ಎಳೆದುಕೊಳ್ಳುವರು. ನಾನು ಹೋದವಳೇ ಜಗಳಕ್ಕೆ ನಿಂತೆ.

"ನೀವೂ ಲಗ್ನ ಆಗು ಅಂತ ಹೇಳೂದಾದ್ರ ಈಗ ಹೇಳಿಬಿಡ್ರಿ. ನನಗ ಬಸ್ಸಿಗೆ ಹೊತ್ತಾಕ್ಕೈತಿ."

"ನಾ ಏನೂ ಹೇಳೂದಿಲ್ರಿ. ನೀವು ಏನು ಹೇಳಾಕ ಬಂದೀರಿ?"

ನಾನು ಹೇಳಿದೆ. ಗಿರಣಿಯ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಸ್ವಲ್ಪ ಜೋರಾಗಿ ಹೇಳ್ರಿ" ಎಂದು ಕಿವಿ ಮುಂದೆ ಮಾಡಿದರು. ಜನ್ಮದಲ್ಲಿ ಯಾರಿಗೂ ಹೇಳದ ಮಾತನ್ನು ಎಷ್ಟು ಸಲ ಹೇಳುವುದು? ನನಗೆ ರೇಗಿತು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದೆ:

"ನಾ ಪ್ರೀತಿ ಮಾಡಿದ್ದು ಒಂದು ಹುಡುಗೀನ!"

ಅದೇ ಹೊತ್ತಿಗೆ ಕರೆಂಟು ಹೋಯಿತು. ಗಿರಣಿ ಗಕ್ಕನೆ ನಿಂತಿತು. ನನ್ನ ಮಾತಿನ ಕೊನೆಯ ತುಂಡು ಆ ನಿಶ್ಶಬ್ದದಲ್ಲಿ ಗೋಡೆಗೆ ಬಡಿದು ಕೆಳಗಿನವರೆಗೂ ಹೋದದ್ದು ನನಗೇ ಕೇಳಿಸಿತು. ಸತ್ತೆ ಎಂದುಕೊಂಡೆ. ಕೆಳಗಿನಿಂದ ಒಬ್ಬ ಹೆಂಗಸಿನ ದನಿ ಬಂತು: "ಹೋತಲ್ಲೋ ಕರೆಂಟು! ನಂದು ಅರ್ಧಾನ ಬೀಸೈತಿ!" ಅಷ್ಟೇ. ಇನ್ನಾರೂ ಏನೂ ಅನ್ನಲಿಲ್ಲ. ಊರಿಗೆ ತನ್ನ ಹಿಟ್ಟಿನ ಚಿಂತೆ.

ಅಕ್ಕಾರು ಲೋಟವನ್ನು ನನ್ನ ಕಡೆ ಸರಿಸಿ, ಮೆತ್ತಗೆ ಕೇಳಿದರು.

"ಆಕಿ ಹೆಂಗದಾಳ?"

ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಯಾವಾಗಿನಿಂದ ಹೀಗೆ, ಯಾಕೆ ಹೀಗೆ, ಮನೆಯಲ್ಲಿ ಗೊತ್ತೇ, ಇವೆಲ್ಲಕ್ಕೂ ಉತ್ತರ ಕಟ್ಟಿಕೊಂಡು ಹೋಗಿದ್ದೆ. ಆಕೆ ಹೇಗಿದ್ದಾಳೆ ಎಂದು, ಒಬ್ಬ ಮನುಷ್ಯಜೀವದ ಬಗ್ಗೆ ಕೇಳುವಂತೆ, ಯಾರೂ ಕೇಳಿರಲಿಲ್ಲ. ನಾನು ಸೊಟ್ಟ ಮೊಳಕೆಯ ಕಥೆ ಹೇಳಿದೆ. ಹೇಳುತ್ತಾ ನಕ್ಕೆ, ಅಕ್ಕಾರೂ ನಕ್ಕರು, ನಗುತ್ತಾ ನಗುತ್ತಾ ನನಗೆ ಅಳು ಒತ್ತರಿಸಿಕೊಂಡು ಬಂತು. ಮೆಹಂದಿಯ ಸುದ್ದಿ ಹೇಳುವಾಗ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಪುಣ್ಯಕ್ಕೆ ಆ ದಿನ ಕರೆಂಟು ಬೇಗ ಬರಲಿಲ್ಲ.

"ಇದು ಜಡ್ಡಲ್ಲ" ಎಂದರು. "ಪ್ರೀತಿನೂ ಜಡ್ಡಲ್ಲ, ಈಗ ಆಗೂದೂ ಜಡ್ಡಲ್ಲ. ನಿಮಗ ಬೇಕಾದಾಕಿನ್ನ ನೀವು ಕಳಕೊಂಡೀರಿ. ಇದು ದುಃಖ. ದುಃಖ ಮಾಡಾಕ ನಿಮಗ ಯಾರೂ ಜಾಗಾ ಕೊಟ್ಟಿಲ್ಲ, ಅದಕ್ಕ ಇದು ಮೈಯಾಗ ಹೊಕ್ಕೈತಿ. ಇಲ್ಲಿ ಮಾಡ್ರಿ."

ಮಾತ್ರೆಯನ್ನು ತಟ್ಟನೆ ಬಿಡಬಾರದೆಂದು ಹೇಳಿ, ತಮಗೆ ಗೊತ್ತಿದ್ದ ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಮೆಲ್ಲಮೆಲ್ಲಗೆ ಕಡಿಮೆ ಮಾಡಿಸಿದರು. ಶನಿವಾರಗಳು ನಡೆದವು. ಎಲ್ಲ ಸರಿಹೋಯಿತೆಂದಲ್ಲ. ಕೆಲವು ಶನಿವಾರ ಬರೀ ಅತ್ತು ಬರುತ್ತಿದ್ದೆ. ಕೆಲವು ಶನಿವಾರ ಅಕ್ಕಾರ ಮೇಲೆಯೇ ಹರಿಹಾಯುತ್ತಿದ್ದೆ, ನಿಮಗೇನು, ನೀವು ಹೇಳಿ ಎದ್ದುಹೋಗುತ್ತೀರಿ, ಬ್ಯಾಡಗಿಯಲ್ಲಿ ಬಾಳಬೇಕಾದವಳು ನಾನು ಎಂದು. ಅವರು ಬಯ್ಯಿಸಿಕೊಂಡು ಕೂರುತ್ತಿದ್ದರು. ಒಮ್ಮೆಯೂ ಆಕೆಯನ್ನು ಮರೆ ಎನ್ನಲಿಲ್ಲ. ನಾನು ಮತ್ತೆ ಉಣ್ಣತೊಡಗಿದೆ, ನಿದ್ದೆ ಬರತೊಡಗಿತು.

ಇದು ಅವ್ವನ ಕಣ್ಣಿಗೆ ಬಿದ್ದೇಬಿತ್ತು. ರಾಣೇಬೆನ್ನೂರಿನಲ್ಲಿ ಒಬ್ಬರು ಅಕ್ಕಾರನ್ನು ಕಾಣುತ್ತಿದ್ದೇನೆ, ಮನಸ್ಸಿನ ಬೇಸರ ತೆಗೆಯುತ್ತಾರೆ ಎಂದೆ.

"ಏನು ಔಷಧ ಕೊಡ್ತಾರ?"

"ಏನೂ ಇಲ್ಲ."

"ಇಂಜೆಕ್ಷನ್ನು?"

"ಇಲ್ಲಬೇ, ಬರೇ ಮಾತು."

"ಪಥ್ಯ?"

"ಅದೂ ಇಲ್ಲ."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಔಷಧ ಇಲ್ಲ, ಪಥ್ಯ ಇಲ್ಲ, ಮಗಳು ಗೆಲುವಾಗ್ಯಾಳ. ಮಾಟ ಗೀಟ ಮಾಡ್ತಾರೇನು ಆಕಿ? ನಾನೂ ಬರ್ತೇನಿ ತಡಿ."

ಮುಂದಿನ ಶನಿವಾರ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದೇಬಿಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಖುಷಿಯಾಗಿ ಕೂತಿದ್ದಳು. ಅಕ್ಕಾರ ಬಾಯಿಂದ ಒಂದು ಮಾತು ಜಾರಿದರೆ, ಪಕ್ಕದಲ್ಲಿ ಕೂತಿರುವ ಈ ಹೆಂಗಸು ವಾಪಸು ಬರುವಾಗ ನನ್ನ ಅವ್ವನಾಗಿ ಉಳಿಯುವಳೋ ಇಲ್ಲವೋ. ನನಗೆ ಇದ್ದವಳೇ ಆಕೆಯೊಬ್ಬಳು. ಕೈ ಹಿಡಿದುಕೊಂಡೆ. "ಏನಾತು, ಬಸ್ಸು ತ್ರಾಸಾಗಾಕತ್ತೈತೇನು?" ಎಂದು ಸೆರಗಿನ ಗಂಟಿನಿಂದ ಏಲಕ್ಕಿ ಬಿಚ್ಚಿಕೊಟ್ಟಳು.

ಅವ್ವ ಕೂರುತ್ತಲೇ ಕೇಳಿದಳು: "ನನ್ನ ಮಗಳಿಗೆ ಏನಾಗೈತ್ರಿ?"

ಅಕ್ಕಾರು ನನ್ನ ಕಡೆ ತಿರುಗಿದರು. "ನಿಮ್ಮ ತಾಯಿಯವರ ಮುಂದ ನಾ ಏನು ಮಾತಾಡ್ಲಿ, ಏನು ಬಿಡ್ಲಿ, ನೀವ ಹೇಳ್ರಿ. ನಿಮ್ಮ ಸುದ್ದಿ ನಿಮ್ಮದು."

"ಆಕಿಗೆ ಪಥ್ಯ ಬೇಕಂತ್ರಿ. ಅದೊಂದು ಹೇಳಿ ಕಳಿಸಿಬಿಡ್ರಿ" ಎಂದೆ.

ಅಕ್ಕಾರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಅವ್ವನ ಕಡೆ ತಿರುಗಿದರು.

"ಪಥ್ಯ ಐತ್ರಿ. ಆದ್ರ ಇದು ಆಕಿ ಹಿಡಿಯೂ ಪಥ್ಯ ಅಲ್ಲ. ಮನಿಯವರು ಹಿಡೀಬೇಕು."

ಅವ್ವ ಬೆನ್ನು ನೆಟ್ಟಗೆ ಮಾಡಿದಳು. ಕೊನೆಗೂ ತನಗೆ ತಿಳಿಯುವ ಮಾತಾಡುವ ಡಾಕ್ಟರು ಸಿಕ್ಕಿದ್ದರು. "ಗೊತ್ತೈತ್ರಿ. ಕೂಸಿನ ಸಲುವಾಗಿ ತಾಯಿ ಹಿಡಿದಂಗ."

"ಹೂಂ, ಹಂಗ. ಇದು ಜಡ್ಡಲ್ರಿ, ದುಃಖ. ಎದರದು ಅಂತ ನಾ ಹೇಳೂದಿಲ್ಲ, ಆಕೀನ ಯಾವಾಗರ ಹೇಳ್ತಾಳ. ಅಲ್ಲೀತನ ಮನ್ಯಾಗ ಲಗ್ನದ ಮಾತು ತೆಗೀಬಾರದು. ನೀವೂ ತೆಗೀಬಾರದು, ಬಂದವರಿಗೂ ತೆಗೀಗೊಡಬಾರದು. ಅತ್ರ ಯಾಕ ಅಳ್ತೀದಿ ಅಂತ ಕೇಳಬಾರದು. ಬಾಜೂಕ ಹೋಗಿ ಕುಂದ್ರಬೇಕು."

"ಎಷ್ಟ ದಿನಾರಿ?"

"ಆಕಿ ಸಾಕು ಅನ್ನೂತನ."

"ಮತ್ತ ಖಾರ?"

"ಖಾರ ಉಣ್ಣಾಕ ಏನೂ ಅಡ್ಡಿಯಿಲ್ರಿ. ಖಾರಕ್ಕೂ ದುಃಖಕ್ಕೂ ಸಂಬಂಧಿಲ್ಲ."

ಅವ್ವ ಎದ್ದು ಮೆಟ್ಟಿಲಿಳಿದಳು. ಗಿರಣಿ ದಾಟಿದ್ದೇ ತಡ, ಬಾಯಿ ಬಿಟ್ಟಳು: "ಸಪ್ಪನ್ನ ಉಂಡು ಉಂಡು ನಾಲಿಗಿ ಸತ್ತು ಹೋತು ನಂದು! ಖಾರದ ಸುದ್ದ್ಯಾಗ ಸುಳ್ಳ ಹೇಳಿದಂವ ಲಗ್ನದ ಸುದ್ದ್ಯಾಗ ಖರೇ ಹೇಳ್ಯಾನೇನು?" ಬಸ್‌ಸ್ಟ್ಯಾಂಡಿನ ಗಾಡಿಯ ಮುಂದೆ ನಿಂತು ಬಿಸಿ ಮಿರ್ಚಿ ಭಜಿ ಕೊಂಡು ಕಚ್ಚಿದಳು. ಬಿಟ್ಟು ಎಷ್ಟೋ ದಿನವಾಗಿತ್ತಲ್ಲ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಜೀವಮಾನದಲ್ಲಿ ಮೊದಲ ಸಲ ಅವ್ವ ಖಾರಕ್ಕೆ ಕೆಮ್ಮಿದ್ದನ್ನು ನೋಡಿದೆ. ನಾನು ನಕ್ಕೆ. "ನಗು, ನಗು" ಎಂದು ಅರ್ಧ ಭಜಿ ನನ್ನ ಬಾಯಿಗೆ ತುರುಕಿದಳು.

ಅವ್ವ ಪಥ್ಯ ಹಿಡಿದರೆ ಹಿಡಿದಂತೆಯೇ. ನಾನು ಅತ್ತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುವಳು. ಯಾಕೆಂದು ಕೇಳಲು ಬಾಯಿ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು, ತುಟಿ ಕಚ್ಚಿ ನುಂಗುವಳು. ದೀಪಾವಳಿಗೆ ಮುಂಚೆ ಸೋದರತ್ತೆ ಮುಹೂರ್ತ ತೆಗೆಸಿಕೊಂಡೇ ಬಂದಳು. ಅವ್ವ ಅವಳ ಮುಂದೆ ಚಹಾ ಇಟ್ಟು ಹೇಳಿದಳು:

"ಲಗ್ನದ ಮಾತು ತೆಗೀಬ್ಯಾಡ. ಪಥ್ಯ ಐತಿ."

"ಲಗ್ನದ ಮಾತಿಗೆ ಎಂಥಾ ಪಥ್ಯ ವೈನಿ?"

"ನಿನ್ನ ಬಾಣಂತನದಾಗ ಬದನಿಕಾಯಿ ತಿಂದ್ಯೇನು?"

"ಇಲ್ಲ."

"ಯಾಕ ತಿನಬಾರದು ಅಂತ ಯಾರನರೆ ಕೇಳಿದ್ಯೇನು?"

ಸೋದರತ್ತೆ ಚಹಾ ಕುಡಿದು, ಮುಖ ಊದಿಸಿಕೊಂಡು ಹಾವೇರಿಯ ಬಸ್ಸು ಹತ್ತಿದಳು. ಮರುವರ್ಷ ಆಕೆಯ ಮಗನಿಗೆ ಬೇರೆ ಕಡೆ ಹೆಣ್ಣು ತಂದರು. ಹುಡುಗ ಲಗ್ನದ ದಿನ ನನ್ನನ್ನು ನೋಡಿ ಕಣ್ಣು ಹೊಡೆದ. ಇಬ್ಬರೂ ಪಾರಾದೆವೆಂದು ಅವನಿಗೂ ಅನಿಸಿತ್ತೋ ಏನೋ.

ಅಕ್ಕಾರು ಅವ್ವನಿಗೆ ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೇಳಿದರೆ ಏನಾದೀತು, ಎಲ್ಲಿಗೆ ಹೋಗುವೆ, ಯಾರ ಬಾಗಿಲು ಬಡಿಯುವೆ ಎಂದು ಎಲ್ಲವನ್ನೂ ಇಬ್ಬರೂ ಕೂಡಿ ಯೋಚಿಸಿದೆವು. ಅವರ ಮನೆಯ ಬಾಗಿಲು ತೆರೆದಿರುತ್ತದೆ ಎಂದರು. ಒಂದು ಬೇಸಿಗೆಯ ಮಧ್ಯಾಹ್ನ ಹಿತ್ತಲಲ್ಲಿ ಅವ್ವನೂ ನಾನೂ ಮನೆಖರ್ಚಿನ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದಾಗ ಹೇಳಿಬಿಟ್ಟೆ.

"ಅವ್ವ, ಐರಣಿ ಹುಡುಗಿ ಇದ್ಲಲ್ಲ. ಆಕಿನ್ನ ನಾ ಪ್ರೀತಿ ಮಾಡಿದ್ದೆ. ಗಂಡಾ ಹೆಂಡ್ತಿ ಮಾಡ್ತಾರಲ್ಲ, ಹಂಗ. ನನ್ನ ಮನಸ್ಸ ಇರೂದ ಹಂಗ. ಗಂಡಸರ ಕೂಡ ನಾ ಬಾಳೂದಿಲ್ಲ."

ಅವ್ವನ ಕೈ ನಿಂತಿತು. ನನ್ನನ್ನು ನೋಡಲಿಲ್ಲ. ಎದ್ದು ಒಳಗೆ ಹೋದಳು. ಆಯಿತು, ಮುಗಿಯಿತು, ಇನ್ನು ಚೀಲ ಕಟ್ಟುವುದೇ ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಯಾಕೆಂದು ಕೇಳಬೇಕೆನಿಸಿತು. ನನ್ನ ಮೇಲಿನ ಸಿಟ್ಟಿಗೋ, ಅಸಹ್ಯಕ್ಕೋ, ಸತ್ತ ಅಪ್ಪನ ನೆನಪಿಗೋ. ಕೇಳಲಿಲ್ಲ. ಹೋಗಿ ಬಾಜೂಕ ಕೂತೆ.

ಬಹಳ ಹೊತ್ತಾದ ಮೇಲೆ ಅವಳೇ ಮಾತಾಡಿದಳು.

"ಆಕಿ ಕೈಗೆ ಮೆಹಂದಿ ನಿನ್ನ ಕಡಿಂದನ ಹಚ್ಚಿಸಿದ್ರಲ್ಲ. ನಾ ಅಲ್ಲೇ ಕುಂತಿದ್ದೆ. ಚಂದ ಆಗೈತಿ ಅಂತ ನಾನೂ ಅಂದೆ." ಮತ್ತೆ ಅತ್ತಳು. "ಇದೆಲ್ಲಾ ನನಗ ತಿಳಿವಲ್ದು ಮಗಳ. ತಿಳಿಯೂತನ ತಡಿ."

ತಡೆದೆ. ಸುಲಭವಾಗಿರಲಿಲ್ಲ. ಎಷ್ಟೋ ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಬಿಸಿ ರೊಟ್ಟಿ ಮಾತ್ರ ತಪ್ಪಲಿಲ್ಲ. ಒಂದು ದಿನ ನನ್ನ ತಾಟಿಗೆ ರಂಜಕ ಹಾಕುತ್ತಾ, ಎಲ್ಲೋ ನೋಡಿಕೊಂಡು ಕೇಳಿದಳು: "ಆ ಹುಡುಗಿ ಖಾರ ಉಣ್ತಿದ್ಲೇನು?"

"ಉಣ್ತಿದ್ಲು. ಇದ ರಂಜಕ ಡಬ್ಬಿ ತುಂಬಿ ಒಯ್ದು ಕೊಡ್ತಿದ್ದೆ."

"ಹಂಗಾರ ನನ್ನ ಭರಣಿ ತಿಂಗಳಿಗೊಮ್ಮೆ ಖಾಲಿ ಆಗ್ತಿದ್ದದ್ದು ಅದಕ್ಕೇನು! ಇಲಿ ತಿಂತಾವು ಅಂದಿದ್ಯಲ್ಲಲೇ!"

ನಾವಿಬ್ಬರೂ ಎಷ್ಟೋ ದಿನಗಳ ಮೇಲೆ ನಕ್ಕೆವು.

ಮುಂದೆ ಎರಡು ಮೂರು ವರ್ಷ ಕಳೆದ ಮೇಲೆ ಸೋದರತ್ತೆ ಮತ್ತೆ ಬಂದಳು. ಹೆಂಡತಿ ಸತ್ತವನೊಬ್ಬನ ಸಂಬಂಧ, ಒಳ್ಳೆಯ ಮನೆ. ಊಟಕ್ಕೆ ಕೂತಾಗ ಅವ್ವನನ್ನು ಕೆಣಕಿದಳು.

"ಆ ನಿನ್ನ ಪಥ್ಯ ಇನ್ನೂ ಮುಗದಿಲ್ಲೇನು ವೈನಿ?"

ನಾನು ಬಾಗಿಲ ಬಳಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅವ್ವ ನನ್ನ ಕಡೆ ನೋಡಲಿಲ್ಲ. ಅತ್ತೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಪಥ್ಯ ಮುಗದು ಭಾಳ ದಿನಾತು. ಈಗ ನಮ್ಮ ಮನಿ ಊಟನ ಇದು. ನಿನಗ ಸೇರಿದ್ರ ಉಣ್ಣು."

ಸೋದರತ್ತೆ ತಲೆ ತಗ್ಗಿಸಿ ಉಂಡಳು. ನಾನು ತಂಬಿಗೆ ಇಟ್ಟು ಒಳಗೆ ಹೋಗಿ ಒಲೆಯ ಮುಂದೆ ಕೂತೆ, ಅಳು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಯಾಕೆಂದು ಕೇಳಲಿಲ್ಲ. ಕೈಯ ಹಿಟ್ಟು ಝಾಡಿಸಿ, ಬಾಜೂಕ ಕೂತಳು.